ಚೀನಾದ ಮೂದಾನ್ ಹೂವನ್ನು ಬೆಂಗಳೂರಿನಲ್ಲಿ ಬೆಳೆಸಬಹುದೇ? ಅದರ ಬೀಜದ ಎಣ್ಣೆ, ಬೇರಿನ ಔಷಧಿ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ಮೂದಾನ್ ಅಂದರೆ ಪೊದೆಯಾಗಿ ಬೆಳೆಯುವ ಪಿಯೋನಿ ಗಿಡ. ಬೆಂಗಳೂರಿನ ತಾರಸಿಯಲ್ಲಿ ಇದು ಹೂ ಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ಕಾಣುವ ‘ನೀಲಿ ಮೂದಾನ್ ಬೀಜ’ಕ್ಕಂತೂ ದಯವಿಟ್ಟು ದುಡ್ಡು ಹಾಕಬೇಡಿ. ಅಚ್ಚ ನೀಲಿ ಮೂದಾನ್ ಎಂಬುದೇ ಇಲ್ಲ. ಎಷ್ಟೋ ನೀಲಿ ಹೂಗಳಿಗೆ ಬಣ್ಣ ಕೊಡುವ ಡೆಲ್ಫಿನಿಡಿನ್ ಮೂಲದ ವರ್ಣದ್ರವ್ಯ ಇದರ ದಳಗಳಲ್ಲಿ ಇರುವುದಿಲ್ಲ. ಚೀನಾದಲ್ಲಿ ನೀಲಿ ಎಂದು ಕರೆಯುವ ತಳಿಗಳೂ ಕಣ್ಣಿಗೆ ತಿಳಿ ನೇರಳೆಯೇ.

ಬೀಜಗಳ ಸುಪ್ತಾವಸ್ಥೆ ನನ್ನ ಓದಿನ ವಿಷಯ. ಹಾಗಾಗಿಯೇ ಈ ಗಿಡದ ಬೆನ್ನು ಹತ್ತಿದೆ. ಇದರ ಬೀಜಕ್ಕೆ ಎರಡು ಬೀಗ. ಬಿತ್ತಿದ ಮೇಲೆ ಶರತ್ಕಾಲದ ಹದವಾದ ಬೆಚ್ಚಗೆಯಲ್ಲಿ, ಅಂದರೆ 15ರಿಂದ 20 ಡಿಗ್ರಿಯಲ್ಲಿ, ಬೇರು ಮಾತ್ರ ಹೊರಬರುತ್ತದೆ. ಬೇರು ಬೆರಳುದ್ದ ಇಳಿದರೂ ಮೇಲೆ ಮೊಳಕೆಯ ಸುಳಿವಿರುವುದಿಲ್ಲ. ಕುಡಿ ಬೀಜದೊಳಗೇ ಕೂತಿರುತ್ತದೆ. 5 ಡಿಗ್ರಿಯ ಆಸುಪಾಸಿನ ಚಳಿ ವಾರಗಟ್ಟಲೆ ಸಿಕ್ಕಿದ ಮೇಲೆಯೇ ಅದು ಏಳುವುದು. ಗಿಡ ದೊಡ್ಡದಾದ ಮೇಲೂ ಅಷ್ಟೇ, ಪ್ರತಿ ವರ್ಷ ಮೊಗ್ಗುಗಳಿಗೆ ಈ ಚಳಿ ಬೇಕು. ಚಳಿಯಲ್ಲಿ ಮೊಗ್ಗಿನೊಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನು ಏರಿ, ಬೆಳವಣಿಗೆ ತಡೆಯುವ ಆಬ್ಸಿಸಿಕ್ ಆಮ್ಲ ಇಳಿಯುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ‘ಜಿಎ’ ಅನ್ನುವುದು ಇದೇ ಜಿಬ್ಬರೆಲಿನ್‌ಗೆ. ಚೀನಾದಲ್ಲಿ ಹೊಸ ವರ್ಷದ ಹಬ್ಬಕ್ಕೆ ಹೂ ಬರಿಸಲು ಕುಂಡದ ಗಿಡಗಳನ್ನು ಶೀತಲ ಕೋಣೆಯಲ್ಲಿಟ್ಟು, ಆಮೇಲೆ ಮೊಗ್ಗಿಗೆ ಜಿಎ ಹಚ್ಚುತ್ತಾರೆ.

ಬೆಂಗಳೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಹತ್ತಿರವೇ ಇರುತ್ತದೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ‘ಸೇಬು ಬೆಳೆಯುತ್ತಿದ್ದಾರಲ್ಲ’ ಎಂದು ನೀವು ಕೇಳಬಹುದು. ನಮ್ಮಲ್ಲಿ ಬೆಳೆಯುವುದು ಕಡಿಮೆ ಚಳಿ ಸಾಕಾಗುವ ಅನ್ನಾ, ಎಚ್‌ಆರ್‌ಎಂಎನ್-99ರಂಥ ತಳಿಗಳು. ಮೂದಾನ್‌ನಲ್ಲಿ ನಮ್ಮ ಹವೆಗೆ ಒಗ್ಗುವ ಅಂಥ ತಳಿಯಿಲ್ಲ.

ಚಳಿಯಿರುವ ಊರಲ್ಲೂ ಸಾಕುವುದು ಸುಲಭವಲ್ಲ. ಬೇರು ದಪ್ಪ, ರಸಭರಿತ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೀಜದ ಗಿಡ ಹೂ ಬಿಡಲು ನಾಲ್ಕೈದು ವರ್ಷ, ಅದೂ ತಾಯಿ ಗಿಡದ ಹೂವಿನಂತೆಯೇ ಬರುವ ಭರವಸೆಯಿಲ್ಲ. ಆದ್ದರಿಂದ ಕಸಿಯೇ ದಾರಿ. ಬೇಸಿಗೆ ಕಳೆದ ಮೇಲೆ ‘ಫೆಂಗ್‌ದಾನ್’ ಎಂಬ ಮೂದಾನ್ ತಳಿಯ ಅಥವಾ ಪೊದೆಯಾಗದ, ಮೂಲಿಕೆ ಜಾತಿಯ ಪಿಯೋನಿಯ ಬೇರಿನ ತುಂಡನ್ನು ಸೀಳಿ, ಆ ವರ್ಷದ ಚಿಗುರಿನ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಕಸಿಯ ಗಂಟು ಮುಚ್ಚುವಂತೆ ಮಣ್ಣಿನಲ್ಲಿ ನೆಡುತ್ತಾರೆ. ಮಣ್ಣೊಳಗೆ ಕಡ್ಡಿ ನಿಧಾನವಾಗಿ ತನ್ನದೇ ಬೇರು ಬಿಡುತ್ತದೆ. ಕಸಿಯ ಮಾತು 1034ರಲ್ಲಿ ಚೀನಾದ ವಿದ್ವಾಂಸ ಓಯಾಂಗ್ ಶಿಯು ಲೋಯಾಂಗ್ ನಗರದ ಮೂದಾನ್‌ಗಳ ಬಗ್ಗೆ ಬರೆದ ಪುಸ್ತಕದಲ್ಲೇ ಇದೆ! ಅಂಗಾಂಶ ಕೃಷಿ, ಅಂದರೆ ಗಿಡದ ಚಿಕ್ಕ ತುಂಡಿನಿಂದ ಪ್ರಯೋಗಾಲಯದಲ್ಲಿ ಸಸಿ ಬೆಳೆಸುವುದು, ಇಂದಿಗೂ ಪೂರ್ತಿ ಕೈಹತ್ತಿಲ್ಲ. ತುಂಡುಗಳು ಕಂದುಗಟ್ಟುತ್ತವೆ, ಬೇರು ಸರಿಯಾಗಿ ಬರುವುದಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ಮೂಲದ ಹುಡುಕಾಟ. ಕಾಡು ಮೂದಾನ್‌ನ ಒಂಬತ್ತು ಪ್ರಭೇದಗಳೂ ಚೀನಾಕ್ಕೆ ಮಾತ್ರ ಸೀಮಿತ. ತೋಟದ ಮೂದಾನ್ ಒಂದೇ ಪ್ರಭೇದದಿಂದ ಬಂದದ್ದಲ್ಲ, ಐದು ಕಾಡು ಪ್ರಭೇದಗಳ ಬೆರಕೆ ಎಂದು ಸಸ್ಯವಿಜ್ಞಾನಿ ಹೊಂಗ್ ದೆಯುವಾನ್ ಮತ್ತು ಸಂಗಡಿಗರು 2014ರಲ್ಲಿ ಡಿಎನ್‌ಎ ಆಧಾರದಿಂದ ತೋರಿಸಿದರು. 2023ರಲ್ಲಿ ಫೆಂಗ್‌ದಾನ್‌ನ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಪ್ರಕಟವಾಯಿತು: ಸುಮಾರು 1,200 ಕೋಟಿ ಅಕ್ಷರ, ಮನುಷ್ಯನದರ ನಾಲ್ಕು ಪಟ್ಟು, ಅಷ್ಟೂ ಬರೀ ಐದು ಜೋಡಿ ವರ್ಣತಂತುಗಳಲ್ಲಿ. ಹೂವಿಗಾಗಿ ವರ್ಷಗಟ್ಟಲೆ ಕಾಯಬೇಕಾದ ಗಿಡದಲ್ಲಿ ಇದರ ಬೆಲೆ ದೊಡ್ಡದು. ಯಾವ ವಂಶವಾಹಿ ಯಾವ ಗುಣಕ್ಕೆ ಎಂಬುದು ತಿಳಿಯುತ್ತ ಹೋದಂತೆ ಸಸಿಯಲ್ಲೇ ಆರಿಸಿಕೊಳ್ಳಬಹುದು.

ಎಣ್ಣೆಯ ವಿಷಯ. ಫೆಂಗ್‌ದಾನ್ ಬೀಜದ ಎಣ್ಣೆಯನ್ನು ಚೀನಾ 2011ರಲ್ಲಿ ಆಹಾರವಾಗಿ ಅಂಗೀಕರಿಸಿತು. ಅದರಲ್ಲಿ ಶೇ 40ರ ಹತ್ತಿರ ಆಲ್ಫಾ ಲಿನೊಲೆನಿಕ್ ಆಮ್ಲ, ಅಂದರೆ ಒಮೇಗಾ-3 ಇರುತ್ತದೆ. ಒಳ್ಳೆಯದೇ. ಆದರೆ ನಮ್ಮ ಅಗಸೆ ಎಣ್ಣೆಯಲ್ಲಿ ಅದು ಇನ್ನೂ ಹೆಚ್ಚು. ಒಮೇಗಾ-3ಗಾಗಿ ಚೀನಾದಿಂದ ದುಬಾರಿ ಬಾಟಲಿ ತರಿಸುವ ಬದಲು ಊಟಕ್ಕೆ ಅಗಸೆ ಚಟ್ನಿಪುಡಿ ಹಾಕಿಕೊಳ್ಳಿ.

ಔಷಧಿಯಾಗುವುದು ಬೇರಿನ ತೊಗಟೆ, ಹೆಸರು ‘ಮೂದಾನ್‌ಪಿ’. ಅನ್‌ಹುಯಿ ಪ್ರಾಂತ್ಯದ ಟೊಂಗ್‌ಲಿಂಗ್ ಇದಕ್ಕೆ ಹೆಸರುವಾಸಿ. ಬೇರು ಅಗೆದು, ನಡುವಿನ ಗಟ್ಟಿ ದಿಂಡು ಎಳೆದು ತೆಗೆದು ಒಣಗಿಸಿದರೆ ತೊಗಟೆ ಕೊಳವೆಯಂತೆ ಸುರುಳುತ್ತದೆ. ಒಳಮೈಯಲ್ಲಿ ಸಣ್ಣ ಹೊಳೆಯುವ ಹರಳುಗಳು ಕಂಡರೆ ಒಳ್ಳೆಯ ಮಾಲು. ಆ ಹರಳೇ ಪಿಯೋನಾಲ್. ಮೂಗಿಗೆ ಗಾಢವಾಗಿ ಬಡಿಯುವ ವಾಸನೆಯೂ ಅದರದೇ. ಪಿಯೋನಾಲ್ ಉರಿಯೂತ ತಗ್ಗಿಸುತ್ತದೆ ಎಂದು ಜೀವಕೋಶ ಮತ್ತು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮನುಷ್ಯರ ಮೇಲಿನ ಪುರಾವೆ ಅಷ್ಟು ಗಟ್ಟಿಯಿಲ್ಲ. ನೀವಾಗಿಯೇ ತರಿಸಿ ಕುದಿಸಿ ಕುಡಿಯುವ ವಸ್ತು ಇದಲ್ಲ, ಬಸುರಿಯರಂತೂ ದೂರವಿರಬೇಕು. ಬೇರಿಗಾಗಿ ಅಗೆದು ಅಗೆದು ಕೆಲವು ಕಾಡು ಪ್ರಭೇದಗಳು ಅಳಿವಿನಂಚಿಗೆ ಬಂದಿವೆ ಎಂಬುದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ.

ಹೂ ನೋಡುವ ಆಸೆಯಿದ್ದರೆ ಏಪ್ರಿಲ್‌ನಲ್ಲಿ ಲೋಯಾಂಗ್‌ಗೆ ಹೋಗಿ, 1983ರಿಂದ ಅಲ್ಲಿ ಮೂದಾನ್ ಉತ್ಸವ ನಡೆಯುತ್ತಿದೆ. ಅಷ್ಟು ದೂರ ಆಗದಿದ್ದರೆ ಉತ್ತರಾಖಂಡ, ಹಿಮಾಚಲದ ಬೆಟ್ಟಗಳಲ್ಲಿ ಇದರ ಬಂಧು ಪಿಯೋನಿಯಾ ಎಮೋಡಿ ಇದೆ. ಅದು ಪೊದೆಯಲ್ಲ, ಚಳಿಗಾಲದಲ್ಲಿ ನೆಲದ ಮೇಲಿನ ಭಾಗ ಒಣಗಿ ವಸಂತದಲ್ಲಿ ಮತ್ತೆ ಚಿಗುರುವ ಮೂಲಿಕೆ. ಮೇ ತಿಂಗಳ ಹೊತ್ತಿಗೆ ಅಗಲವಾದ ಬಿಳಿ ಹೂ ಬಿಡುತ್ತದೆ.