ಬೆಂಗಾವಲು ಹಡಗನ್ನು ಯಾಕೆ ಬಚ್ಚಿಟ್ಟಿರಿ?

ನಮಸ್ಕಾರ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. 'ಸ್ಥಳಾವಕಾಶವಿಲ್ಲ' ಅಂತ ಸುಮ್ನೆ ವಾಪಸ್ ಕಳಿಸಬಹುದಿತ್ತು. ಆದರೆ ಇದರೊಳಗೆ ಒಂದು ಒಳ್ಳೆಯ ಕಥೆ ಇದೆ, ಹಾಗಾಗಿ ನೇರವಾಗಿಯೇ ಬರೆಯುತ್ತೇನೆ.

1916ರಲ್ಲಿ ಅಂಟಾರ್ಕ್ಟಿಕಾ ಯಾನಿ ಶ್ಯಾಕಲ್ಟನ್, ತಮ್ಮ ಹಡಗು ಹಿಮಕ್ಕೆ ಸಿಕ್ಕಿ ಮುಳುಗಿದ ಮೇಲೆ, ಐವರ ಜೊತೆ 'ಜೇಮ್ಸ್ ಕೇರ್ಡ್' ಎಂಬ ಪುಟ್ಟ ದೋಣಿಯಲ್ಲಿ ಅಂಟಾರ್ಕ್ಟಿಕಾ ಬಳಿಯ ಎಲಿಫೆಂಟ್ ದ್ವೀಪದಿಂದ ಸೌತ್ ಜಾರ್ಜಿಯಾ ದ್ವೀಪಕ್ಕೆ ಸಹಾಯ ತರಲು ಹೋದರು. 2013ರಲ್ಲಿ ಸಾಹಸಯಾನಿ ಟಿಮ್ ಜಾರ್ವಿಸ್ ಅವರ ತಂಡ ಅಂಥದೇ ದೋಣಿಯಲ್ಲಿ, ಆ ಕಾಲದಂಥ ಬಟ್ಟೆ ತೊಟ್ಟು, ಅದೇ ದಾರಿ ಹಿಡಿಯಿತು. ನಿಮ್ಮ ನಾಯಕ ಇಂಥ ಒಂದು ಯಾನಕ್ಕೆ ಸೇರುತ್ತಾನೆ. ಸರಿ. ಆದರೆ ಹನ್ನೆರಡು ಪುಟದಲ್ಲಿ ಏಳು ಪುಟ ಶ್ಯಾಕಲ್ಟನ್ ಕಥೆಯೇ. ಅದು ಓದುಗರಿಗೆ ಬೇರೆ ಕಡೆ ಸಿಗುತ್ತದೆ. ಈ ಹುಡುಗ ಯಾಕೆ ಹೋದ ಅನ್ನುವುದನ್ನು ನೀವೇ ಹೇಳಬೇಕು.

ನನಗೆ ಜಾಸ್ತಿ ಬೇಸರವಾದದ್ದು, ಅಪಾಯವಾದರೆ ಕಾಪಾಡಲು ದೋಣಿಯ ಹಿಂದೆಯೇ ಬರುವ ಬೆಂಗಾವಲು ಹಡಗಿನ ವಿಷಯದಲ್ಲಿ. ಎರಡನೇ ಪುಟದ ಒಂದು ಸಾಲಿನಲ್ಲಿ ಬರುತ್ತದೆ, ಆಮೇಲೆ ಪತ್ತೆಯೇ ಇಲ್ಲ. ಅದಿದ್ದರೆ ಸಾಹಸ ಸಪ್ಪೆಯಾಗುತ್ತದೆ ಅಂತ ಬಚ್ಚಿಟ್ಟಿರಿ, ಅಲ್ವಾ? ಕಥೆ ಇರುವುದೇ ಅಲ್ಲಿ. 1916ರ ದೋಣಿ ಮುಳುಗಿದ್ದರೆ, ಎಲಿಫೆಂಟ್ ದ್ವೀಪದಲ್ಲಿ ಕಾಯುತ್ತಿದ್ದ 22 ಮಂದಿ ಎಲ್ಲಿದ್ದಾರೆಂದು ಹೊರಗೆ ಹೇಳಲು ಯಾರೂ ಉಳಿಯುತ್ತಿರಲಿಲ್ಲ. ನಿಮ್ಮ ಹುಡುಗನ ಕೈಯಲ್ಲಿ ರೇಡಿಯೋ ಇದೆ. ಒಂದು ಮಾತು ಹೇಳಿದರೆ ಬಿಸಿನೀರು, ಒಣಗಿದ ಹಾಸಿಗೆ. ಆ ಮಾತನ್ನು ದಿನವೂ ನುಂಗಿಕೊಂಡು ಕೂರಬೇಕು. ಈ ಕಷ್ಟ ಶ್ಯಾಕಲ್ಟನ್‌ಗೂ ಇರಲಿಲ್ಲ.

ಕೊನೆಯೂ ನನಗೆ ಒಪ್ಪಿಗೆಯಾಗಲಿಲ್ಲ. ಜಾರ್ವಿಸ್ ತಂಡದಲ್ಲಿ ಕೆಲವರು ಒದ್ದೆಯಲ್ಲೇ ಇದ್ದು ಕಾಲು ಕೆಟ್ಟು, ಸೌತ್ ಜಾರ್ಜಿಯಾದ ಬೆಟ್ಟ ದಾಟುವ ಆಸೆ ಬಿಡಬೇಕಾಯಿತು. ಶ್ಯಾಕಲ್ಟನ್ ಕೂಡ ಮೂವರನ್ನು ದಡದಲ್ಲೇ ಬಿಟ್ಟು, ಇಬ್ಬರ ಜೊತೆ ಸಹಾಯ ಕೇಳಲು ಬೆಟ್ಟ ಹತ್ತಿದ್ದು. ನಿಮ್ಮ ಹುಡುಗ ಗೆದ್ದೇ ಬರಬೇಕಾ? ಹಡಗಿನ ಬೆಚ್ಚಗಿನ ಕೋಣೆಯಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡು, ಉಳಿದವರು ಬೆಟ್ಟದ ಕಡೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಾ ಕೂತರೆ?

ಕೆಲವು ತಪ್ಪುಗಳೂ ಇವೆ. ನಿಮ್ಮ ಯಾನ ಜನವರಿಯದು. ಅಲ್ಲಿ ಆಗ ಬೇಸಿಗೆ, ರಾತ್ರಿ ಚಿಕ್ಕದು. ಹದಿನಾಲ್ಕು ಗಂಟೆಯ ಕತ್ತಲು ಶ್ಯಾಕಲ್ಟನ್ ಹೋದ ಏಪ್ರಿಲ್-ಮೇ ತಿಂಗಳಿಗೆ ಸರಿ. ಇನ್ನು 1916ರ ಭಾಗದಲ್ಲಿ, ದೋಣಿಗೆ ದಾರಿ ಹುಡುಕುತ್ತಿದ್ದ ವರ್ಸ್ಲಿ, ದೋಣಿ ಎಲ್ಲಿದೆ ಎಂದು ತಿಳಿಯಲು ದಿನಾ ಮಧ್ಯಾಹ್ನ ಸೂರ್ಯನ ಎತ್ತರ ಅಳೆಯುತ್ತಾರೆ. ಹದಿನಾರು ದಿನದಲ್ಲಿ ಅವರಿಗೆ ಸೂರ್ಯ ಸಿಕ್ಕಿದ್ದೇ ನಾಲ್ಕು ಸಲ! ದೋಣಿ ಕುಣಿಯುವಾಗ ಇಬ್ಬರು ಅವರನ್ನು ಹಿಡಿದುಕೊಳ್ಳಬೇಕಿತ್ತು. 'ಮೂಳೆ ಕೊರೆಯುವ ಚಳಿ' ಐದು ಕಡೆ ಇದೆ. ಆ ಮಾತನ್ನು ನಾವು ಮಡಿಕೇರಿಯ ಚಳಿಗೂ ಹೇಳುತ್ತೇವೆ.

ಹಿಮಸಾರಂಗದ ಚರ್ಮದ ಮಲಗುಚೀಲದ ಕೂದಲು ಉದುರಿ ಗಂಜಿಯಲ್ಲಿ ಸಿಗುವ ಪ್ಯಾರಾ ಮಾತ್ರ ಮುಟ್ಟಬೇಡಿ. ಹುಡುಗ ಮೊದಮೊದಲು ಕೂದಲು ತೆಗೆದು ತಿನ್ನುತ್ತಾನೆ, ಆಮೇಲೆ ತೆಗೆಯುವುದನ್ನೇ ಬಿಡುತ್ತಾನೆ. ಕಥೆಯನ್ನು ಅಲ್ಲಿಂದ ಶುರು ಮಾಡಿ ನೋಡಿ. ಎಂಟು ಪುಟ ಸಾಕು. ತಿದ್ದಿದ ಮೇಲೆ ನನ್ನ ಹೆಸರಿಗೇ ಕಳಿಸಿ.

ಸಂಪಾದಕ