ಬೋಟಿನ ಬ್ಯಾಟರಿಯಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡೋಕೆ ಇನ್ವರ್ಟರ್ ಬೇಕೇ ಬೇಕಾ?

ಬೋಟಲ್ಲಿ 12 ವೋಲ್ಟ್ ಬ್ಯಾಟರಿ ಇದೆ, ಎರಡು ಲ್ಯಾಪ್‌ಟಾಪ್ ಒಂದು ಟ್ಯಾಬ್ಲೆಟ್ ನಡೀಬೇಕು, ಅದಕ್ಕೆ ದೊಡ್ಡ ಇನ್ವರ್ಟರ್ ಹಾಕಿಸ್ಲಾ ಅಂತ ಕೇಳಿದೀರ. ಇಷ್ಟಕ್ಕೇ ಆದ್ರೆ ಖಂಡಿತ ಬೇಡ. ನಾನೂ ಎರಡು ವರ್ಷ ಇನ್ವರ್ಟರ್ ಇಟ್ಕೊಂಡೇ ಬೋಟಲ್ಲಿ ಕೆಲಸ ಮಾಡಿದೀನಿ, ಈಗ ಅದನ್ನ ಆನ್ ಮಾಡೋದೇ ಅಪರೂಪ.

ಯಾಕಂದ್ರೆ ಇನ್ವರ್ಟರ್ 12 ವೋಲ್ಟ್ ಡಿಸಿನ 230 ವೋಲ್ಟ್ ಎಸಿ ಮಾಡುತ್ತೆ, ಲ್ಯಾಪ್‌ಟಾಪ್ ಅಡಾಪ್ಟರ್ ಅದನ್ನೇ ತಿರುಗಾ 20 ವೋಲ್ಟ್ ಡಿಸಿ ಮಾಡುತ್ತೆ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂಗೆ. ಎರಡೂ ಕಡೆ ನೂರಕ್ಕೆ ಹತ್ತು ಹದಿನೈದು ಭಾಗ ಬರೀ ಬಿಸಿಯಾಗಿ ಹೋಗುತ್ತೆ. ಅದು ಸಾಲದು ಅಂತ ದೊಡ್ಡ ಇನ್ವರ್ಟರ್‌ಗೆ ಏನೂ ಚುಚ್ಚದೆ ಸುಮ್ನೆ ಆನ್ ಬಿಟ್ರೂ ಅರ್ಧ ಆಂಪಿಯರೋ ಒಂದು ಆಂಪಿಯರೋ ಎಳೀತಾನೇ ಇರುತ್ತೆ. ಒಂದು ಆಂಪಿಯರ್ ಅಂದ್ರೆ ದಿನಕ್ಕೆ 24 ಆಂಪಿಯರ್ ಅವರ್ (ಆಂಪಿಯರ್‌ನ ಗಂಟೆಗೆ ಗುಣಿಸಿದ ಲೆಕ್ಕ, ಬ್ಯಾಟರಿ ಸೈಜ್ ಹೇಳೋದೂ ಇದರಲ್ಲೇ). 100 ಆಂಪಿಯರ್ ಅವರ್ ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರ್ಬೇಕು ಅಂದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದ್ರೆ ನಿಮ್ಮ ಕೈಗೆ ಸಿಗೋದೇ 50, ಅದರಲ್ಲಿ ಹತ್ರತ್ರ ಅರ್ಧ ಹೀಗೇ ಖಾಲಿ. ಅದೇ 60 ವ್ಯಾಟ್ ಅವರ್ ಬ್ಯಾಟರಿ ಇರೋ ಲ್ಯಾಪ್‌ಟಾಪನ್ನ ನೇರವಾಗಿ ಡಿಸಿಯಿಂದ ಸೊನ್ನೆಯಿಂದ ಫುಲ್ ಮಾಡೋಕೆ ಬೇಕಾಗೋದು ಹೆಚ್ಚುಕಮ್ಮಿ ಐದೂವರೆ ಆರು ಆಂಪಿಯರ್ ಅವರ್, ಅಷ್ಟೇ.

ಲ್ಯಾಪ್‌ಟಾಪ್ ಟೈಪ್ ಸಿ ಪೋರ್ಟಿಂದ ಚಾರ್ಜ್ ಆಗೋದಾದ್ರೆ 12 ವೋಲ್ಟ್ ಇನ್‌ಪುಟ್ ತಗೊಳ್ಳೋ ಯುಎಸ್‌ಬಿ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಹಾಕಿ. ಲ್ಯಾಪ್‌ಟಾಪ್ 20 ವೋಲ್ಟ್ ಕೇಳಿದ್ರೆ 20 ಕೊಡುತ್ತೆ, ಟ್ಯಾಬ್ಲೆಟ್ 9 ಕೇಳಿದ್ರೆ 9, ಅವೇ ಮಾತಾಡ್ಕೊಂಡು ತೀರ್ಮಾನ ಮಾಡ್ಕೊಳ್ತವೆ. ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡ್ಬೇಡಿ, 60 ವ್ಯಾಟ್‌ಗಿಂತ ಮೇಲೆ ಹೋಗೋಕೆ ಒಳಗೆ ಚಿಪ್ ಇರೋ 5 ಆಂಪಿಯರ್ ಕೇಬಲ್ಲೇ ಬೇಕು, ಇಲ್ಲಾಂದ್ರೆ ಚಾರ್ಜರ್ 100 ವ್ಯಾಟಿಂದಾದ್ರೂ 60ಕ್ಕೇ ನಿಲ್ಲುತ್ತೆ. ಹಳೇ ಉರುಟು ಪಿನ್ ಲ್ಯಾಪ್‌ಟಾಪ್ ಆದ್ರೆ 12 ನ 19 ವೋಲ್ಟ್‌ಗೆ ಏರಿಸೋ ಕಾರ್ ಅಡಾಪ್ಟರ್ ಸಿಗುತ್ತೆ, ವೋಲ್ಟೇಜು, ಪೋಲಾರಿಟಿ (ಪಿನ್ನಲ್ಲಿ ಪ್ಲಸ್ ಯಾವುದು ಮೈನಸ್ ಯಾವುದು ಅನ್ನೋದು) ಎರಡನ್ನೂ ಹಳೇ ಅಡಾಪ್ಟರ್ ಲೇಬಲ್ ಜೊತೆ ಹೋಲಿಸಿ ನೋಡಿ ತಗೊಳ್ಳಿ.

ಈಗ ಎಲ್ರೂ ಬಿಟ್ಟುಬಿಡೋ ಸಂಗತಿ, ವೈರು. ನಾನು ಹೊಸ 100 ವ್ಯಾಟ್ ಚಾರ್ಜರ್ ತಂದು ಮೊದಲೇ ಇದ್ದ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿದೆ, ಸ್ಕ್ರೀನ್ ಮೇಲೆ ಚಾರ್ಜಿಂಗ್ ಗುರುತು ಬರೋದು, ನಾಕು ಸೆಕೆಂಡಿಗೆ ಹೋಗೋದು, ಮತ್ತೆ ಬರೋದು. ಚಾರ್ಜರ್ ಕೆಟ್ಟಿದೆ ಅಂದ್ಕೊಂಡೆ. ಮಲ್ಟಿಮೀಟರ್ ಹಿಡಿದ್ರೆ ಬ್ಯಾಟರಿ ಟರ್ಮಿನಲ್ಲಲ್ಲಿ 12.5, ಸಾಕೆಟ್ ಹತ್ರ ಲೋಡ್ ಇದ್ದಾಗ 11.2! ಪ್ಲಗ್ ಕಿತ್ತು ನೋಡಿದ್ರೆ ತುದಿ ಮುಟ್ಟೋಕೆ ಆಗದಷ್ಟು ಬಿಸಿ, ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಐದು ಮೀಟರ್ ಉದ್ದ 1.5 ಸ್ಕ್ವೇರ್ ಎಂಎಂ ವೈರು, ಹೋಗ್ತಾ ಬರ್ತಾ ಹತ್ತು ಮೀಟರ್, ಒಂಬತ್ತು ಆಂಪಿಯರ್‌ಗೆ ಅದರಲ್ಲೇ ಒಂದು ವೋಲ್ಟ್ ಬೀಳುತ್ತೆ, ಉಳಿದಿದ್ದು ಆ ಸಡಿಲ ಸಾಕೆಟ್ಟಲ್ಲಿ. ಇನ್ನೊಂದು ತೊಂದ್ರೆ ಏನಂದ್ರೆ ಈ ಚಾರ್ಜರ್‌ಗಳು ವೋಲ್ಟೇಜ್ ಕಮ್ಮಿ ಆದಷ್ಟೂ ಕರೆಂಟ್ ಜಾಸ್ತಿ ಎಳೀತವೆ, ಆಗ ವೋಲ್ಟೇಜ್ ಇನ್ನೂ ಬೀಳುತ್ತೆ. ಆ ಸಾಕೆಟ್ ತೆಗೆದುಹಾಕಿ, ತವರದ ಕೋಟಿಂಗ್ ಇರೋ 6 ಸ್ಕ್ವೇರ್ ಎಂಎಂ ಮರೈನ್ ವೈರ್ ಎಳೆದು ಚಾರ್ಜರ್‌ನ ನೇರವಾಗಿ ಸ್ಕ್ರೂ ಟರ್ಮಿನಲ್‌ಗೆ ಕೂರಿಸಿದೆ, ಈಗ ಬೀಳೋದು ಕಾಲು ವೋಲ್ಟ್. ಫ್ಯೂಸ್ 15 ಆಂಪಿಯರಿಂದು, ಅದು ಬ್ಯಾಟರಿ ಪಕ್ಕದಲ್ಲೇ ಇರ್ಬೇಕು ದಯವಿಟ್ಟು, ಚಾರ್ಜರ್ ಹತ್ರ ಅಲ್ಲ, ಯಾಕಂದ್ರೆ ಮಧ್ಯೆ ಎಲ್ಲಾದ್ರೂ ವೈರ್ ಉಜ್ಜಿ ಶಾರ್ಟ್ ಆದ್ರೆ ಬೆಂಕಿ ಹತ್ತೋದು ವೈರಿಗೆ, ಅದೂ ನೀರಿನ ನಡುವೆ.

ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಗೆ ಮಾತ್ರ ಇದನ್ನೆಲ್ಲ ಕೊಡ್ಬೇಡಿ, ಬೋಟಿನ ಲೈಟು ಗೀಟಿಗೆ ಅಂತ ಇರೋ ಹೌಸ್ ಬ್ಯಾಟರಿಗೇ ಕೊಡಿ. ಸೋಲಾರ್ ಇದ್ರೆ ಮಧ್ಯಾಹ್ನವೇ ಲ್ಯಾಪ್‌ಟಾಪ್ ಫುಲ್ ಮಾಡ್ಕೊಂಡುಬಿಡಿ, ರಾತ್ರಿ ಬ್ಯಾಟರಿ ಮುಟ್ಟೋದೇ ಬೇಡ.

ಫಿಟ್ ಮಾಡಿದ ಮೇಲೆ ಒಂದು ಪರೀಕ್ಷೆ ಮಾಡಿ. ಬೋಟಿನ ವಿಎಚ್‌ಎಫ್ ರೇಡಿಯೋನ ತುರ್ತು ಕರೆ ಬರೋ ಚಾನೆಲ್ 16ಕ್ಕೆ ಇಟ್ಟು, ಬರೀ ಗೊರಗೊರ ಶಬ್ದ ನಿಲ್ಲೋವರೆಗೂ ಸ್ಕ್ವೆಲ್ಚ್ (ಆ ಗೊರಗೊರನ ಅಡಗಿಸೋ ಗುಂಡಿ) ತಿರುಗಿಸಿ, ಆಮೇಲೆ ಲ್ಯಾಪ್‌ಟಾಪ್ ಚುಚ್ಚಿ. ಮತ್ತೆ ಗೊರಗೊರ ಶುರುವಾದ್ರೆ ಚಾರ್ಜರ್ ಗಲಾಟೆ ಮಾಡ್ತಿದೆ ಅಂತ ಅರ್ಥ, ದೂರದಿಂದ ಬರೋ ದುರ್ಬಲ ಕರೆ ಅದರಡಿ ಮುಚ್ಚಿಹೋಗುತ್ತೆ. ವೈರಿಗೆ ಫೆರೈಟ್ (ಇಂಥ ಗಲಾಟೆ ತಡೆಯೋ ಕಪ್ಪು ಉಂಗುರ) ಹಾಕಿ, ಆಂಟೆನಾ ಕೇಬಲ್‌ನಿಂದ ದೂರ ಇಡಿ, ಆಗ್ಲೂ ಹೋಗ್ಲಿಲ್ಲಾಂದ್ರೆ ಆ ಚಾರ್ಜರ್ ವಾಪಸ್ ಕೊಟ್ಟು ಬೇರೆ ತಗೊಳ್ಳಿ.

ಬ್ಯಾಟರಿಯಿಂದ ಮೇಜಿಗೆ ಎಷ್ಟು ಮೀಟರ್ ಆಗುತ್ತೆ ಅಂತ ಅಳೆದು ಬರೀರಿ, ವೈರ್ ಸೈಜ್ ಲೆಕ್ಕ ಹಾಕಿ ಹೇಳ್ತೀನಿ.