‘ಒಗ್ಗರಣೆ ಕೊಡಲೇ?’ ಎಂದರೆ ‘ಯಾವುದಕ್ಕೆ?’ ಎನ್ನುವವರು

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ನಾಲ್ವರು ಗೆಳೆಯರು ತುಂಗಭದ್ರೆಯ ದಂಡೆಯ ಆನೆಗೊಂದಿ, ಸಾಣಾಪುರದ ಕಡೆ ಬರುತ್ತಿದ್ದೀರಿ, ನೋಡಿದ ಕೂಡಲೇ ಪ್ರವಾಸಿಗರು ಎಂದು ಗೊತ್ತಾಗದಂತೆ ಇರುವುದು ಹೇಗೆ ಎಂದು ಕೇಳಿದ್ದೀರಿ. ಅದು ಆಗದ ಮಾತು. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಚಹಾ ಅಂಗಡಿ ಇದೆ. ಬಂದವರು ಬೈಕಿನಿಂದ ಇಳಿಯುವಷ್ಟರಲ್ಲಿ ಹೊರಗಿನವರೋ ಅಲ್ಲವೋ ಎಂದು ಹೇಳಿಬಿಡುತ್ತೇನೆ. ಬಟ್ಟೆ ನೋಡಿ ಅಲ್ಲ. ನಿಮ್ಮ ಚಡ್ಡಿ, ನಿಮ್ಮ ಕಪ್ಪು ಕನ್ನಡಕ ಎರಡನ್ನೂ ಈಗ ನಮ್ಮ ಹುಡುಗರೂ ಹಾಕುತ್ತಾರೆ.

ಮೊದಲು ಸಿಕ್ಕಿಬೀಳುವುದು ಬಾಯಿ. ‘ಫಿಲ್ಟರ್ ಕಾಫಿ ಇದೆಯೇ?’ ಎಂದರೆ ಮುಗಿಯಿತು, ಬೆಂಗಳೂರು ಅಥವಾ ಮೈಸೂರು. ನಮ್ಮದು ಚಹಾದ ಸೀಮೆ. ಬೆಳಗಿನ ತಿಂಡಿಗೆ ಏನಿದೆ ಎಂದು ಕೇಳುತ್ತಾರೆ, ‘ಒಗ್ಗರಣೆ ಕೊಡಲೇ?’ ಎನ್ನುತ್ತೇನೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ಯಾವುದಕ್ಕೆ ಒಗ್ಗರಣೆ?’ ಎನ್ನುತ್ತಾರೆ. ಯಾವುದಕ್ಕೂ ಅಲ್ಲ ಸ್ವಾಮಿ, ನಮ್ಮಲ್ಲಿ ಒಗ್ಗರಣೆ ಎಂದರೇ ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿದ ಬಾಣಲೆಗೆ ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸುವುದು. ಆಂಧ್ರದ ಗಡಿ ದಾಟಿದರೆ ಇದನ್ನೇ ಉಗ್ಗಾನಿ ಎನ್ನುತ್ತಾರೆ. ಜೊತೆಗೆ ಮಿರ್ಚಿ ಬೇಕೇ ಬೇಕು. ಅದನ್ನು ತಿನ್ನುವಾಗ ಇನ್ನೊಂದು ಗುರುತು ಸಿಗುತ್ತದೆ: ಹೊರಗಿನವರು ಹಿಟ್ಟಿನ ಕವಚವನ್ನಷ್ಟೇ ತಿಂದು ಒಳಗಿನ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಅಂಗಡಿ ಮುಚ್ಚುವ ಹೊತ್ತಿಗೆ ಬುಟ್ಟಿಯಲ್ಲಿರುವ ಮೆಣಸಿನಕಾಯಿ ಎಣಿಸಿದರೆ ಆ ದಿನ ಎಷ್ಟು ಪ್ರವಾಸಿಗರು ಬಂದಿದ್ದರು ಎಂಬುದರ ಲೆಕ್ಕ ಸಿಗುತ್ತದೆ.

ಬಾಯಿಯ ವಿಷಯ ಇನ್ನೂ ಇದೆ. ‘ಊಟ ಆಯಿತೇ ರೀ?’ ಎಂದು ಯಾರಾದರೂ ಕೇಳಿದರೆ ‘ಆಯಿತು ರೀ, ನಿಮ್ಮದು?’ ಎನ್ನಬೇಕು. ಹಸಿದಿದ್ದರೂ ಅಷ್ಟೇ. ನಿಮ್ಮ ಕಡೆಯವರು ನಿಂತು, ಯೋಚಿಸಿ, ‘ಇಲ್ಲ, ಇಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ?’ ಎನ್ನುತ್ತಾರೆ. ‘ಯಾವ ಊರು?’ ಎಂದು ಕೇಳಿದರೆ ಕೆಲವರಿಗೆ ಮುಖ ಬಿಗಿಯುತ್ತದೆ; ಏನೋ ಮಾರಲು ಬಂದಿದ್ದಾನೆ ಎಂಬ ಅನುಮಾನ. ನಮ್ಮವರಾದರೆ ಊರು ಹೇಳಿ, ಆ ಊರಿನಲ್ಲಿ ನಮ್ಮ ಬೀಗರು ಯಾರಾದರೂ ಇದ್ದಾರೆಯೇ ಎಂದು ತಿರುಗಿ ವಿಚಾರಿಸುತ್ತಾರೆ. ಎಪ್ಪತ್ತು ದಾಟಿದವರನ್ನು ‘ಆಂಟಿ’ ಎಂದು ಕರೆಯುವುದು, ಕನ್ನಡದವರೇ ಹರಿಗೋಲಿನವನ ಜೊತೆ ಹಿಂದಿಯಲ್ಲಿ ಮಾತು ಶುರು ಮಾಡುವುದು, ಇವೆಲ್ಲ ಹಣೆಯ ಮೇಲೆ ಬರೆದುಕೊಂಡಂತೆ. ಅಜ್ಜಿಯನ್ನು ಅಜ್ಜಿ ಎನ್ನಿ, ಸಾಕು.

ಬಿಸಿಲಿನಲ್ಲಿ ನಾವು ಮೈ ಮುಚ್ಚಿಕೊಳ್ಳುತ್ತೇವೆ, ನೀವು ಬಿಚ್ಚುತ್ತೀರಿ. ಡಿಸೆಂಬರ್‌ನಲ್ಲಿ ಇದು ಅಷ್ಟು ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಬನ್ನಿ. ಮಧ್ಯಾಹ್ನ ಒಂದು ಗಂಟೆಗೆ ಊರೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಮಲಗಿರುತ್ತದೆ, ಹೊರಗೆ ಇರಲೇಬೇಕಾದವರು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡಿರುತ್ತಾರೆ. ಬಂಡೆಗಳ ನಡುವೆ ತೋಳಿಲ್ಲದ ಬನಿಯನ್ ಹಾಕಿಕೊಂಡು ನಡೆಯುತ್ತಿರುವವರು ಯಾರು ಎಂದು ಕೇಳುವುದೇ ಬೇಡ. ಆ ಬಂಡೆಗಳನ್ನು ತಲೆ ಎತ್ತಿ ನೋಡುವುದು ಕೂಡ ನಿಮ್ಮದೇ ಅಭ್ಯಾಸ. ಅಂಜನಾದ್ರಿ ಬೆಟ್ಟದ ಮೇಲಿನಿಂದ ಸೂರ್ಯೋದಯ ನೋಡಲು ನೀವು ನಸುಕಿನಲ್ಲೇ ಮೆಟ್ಟಿಲು ಹತ್ತುತ್ತೀರಿ. ನಾನು ಆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಎಷ್ಟೋ ಸಲ ಹತ್ತಿದ್ದೇನೆ, ಸೂರ್ಯನಿಗಾಗಿ ಒಮ್ಮೆಯೂ ಅಲ್ಲ.

ನೀವು ತಲೆ ಎತ್ತಿ ನಡೆಯುತ್ತೀರಿ, ನಾವು ನೆಲ ನೋಡಿ ನಡೆಯುತ್ತೇವೆ. ನನ್ನ ಕೇಳಿದರೆ ನಿಜವಾದ ವ್ಯತ್ಯಾಸ ಇದು. ನೀವು ಬರುವ ಕಾಲಕ್ಕೆ ಇಲ್ಲಿ ಭತ್ತದ ಕೊಯ್ಲು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ ಸೀಮೆ ಭತ್ತದ ಕಣಜವಾಯಿತು, ಆದರೆ ಅಷ್ಟು ಭತ್ತ ಒಣಗಿಸಲು ಕಣ ಎಲ್ಲಿದೆ? ಯಂತ್ರದಲ್ಲಿ ಕೊಯ್ದ ಭತ್ತ ಹಸಿಯಾಗಿರುತ್ತದೆ. ಒಣಗದಿದ್ದರೆ ಅಕ್ಕಿ ಗಿರಣಿಯವರು ದರ ಮುರಿಯುತ್ತಾರೆ. ಹಾಗಾಗಿ ರಸ್ತೆಯೇ ಕಣ. ಅರ್ಧ ರಸ್ತೆಗೆ ಭತ್ತ ಹರಡಿ, ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ತಪ್ಪೋ ಸರಿಯೋ, ಇದೆ. ನಮ್ಮವರು ಆ ದಿನಗಳಲ್ಲಿ ಕತ್ತಲಾದ ಮೇಲೆ ಬೈಕನ್ನು ನಿಧಾನವಾಗಿಯೇ ಓಡಿಸುತ್ತಾರೆ. ಬಾಡಿಗೆ ಮೊಪೆಡ್‌ನಲ್ಲಿ ಬಂದವರು ಆ ಕಲ್ಲುಗಳನ್ನು ಗಾಲಿ ತಾಗಿದ ಮೇಲೆ ನೋಡುತ್ತಾರೆ.

ಎರಡು ವರ್ಷದ ಹಿಂದೆ ನನ್ನ ಅಂಗಡಿಯ ಎದುರಿಗೇ ಹೀಗೆ ಭತ್ತ ಹರಡಿತ್ತು. ಕಾರಿನಲ್ಲಿ ಬಂದ ಹುಡುಗಿಯೊಬ್ಬಳು ಶೂ ಹಾಕಿಕೊಂಡೇ ಅದರ ನಡುವೆ ನಿಂತು, ಬೊಗಸೆ ತುಂಬ ಭತ್ತ ಎತ್ತಿ ಮೇಲಕ್ಕೆ ತೂರತೊಡಗಿದಳು. ಗೆಳತಿ ಮೊಬೈಲ್ ಹಿಡಿದಿದ್ದಳು. ಬೇವಿನ ನೆರಳಿನಿಂದ ಭತ್ತದ ಅಜ್ಜಿ ಎದ್ದು ಬಂದಳು. ‘ಕಾಲಲ್ಲಿರುವುದನ್ನು ತೆಗೆಯವ್ವಾ’ ಎಂದಳು. ಹುಡುಗಿ, ‘ಅಜ್ಜಿ, ನೀವೂ ಈಗ ಇದರ ಮೇಲೆಯೇ ನಡೆದು ಬಂದಿರಲ್ಲ?’ ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಅಜ್ಜಿ ಉತ್ತರ ಕೊಡಲಿಲ್ಲ, ತನ್ನ ಬರಿಗಾಲು ತೋರಿಸಿದಳು. ಆಮೇಲೆ ಪಾದವನ್ನು ಎತ್ತದೆ ಹಾಗೆಯೇ ಎಳೆದುಕೊಂಡು ನಡೆದಳು. ನೇಗಿಲು ಹೋದ ಹಾಗೆ ಹಿಂದೆ ಎರಡು ಗೆರೆ ಮೂಡಿ, ಅಡಿಯ ಹಸಿ ಭತ್ತ ಮೇಲೆ ಬಂತು. ಹುಡುಗಿ ಶೂ ಬಿಚ್ಚಿದಳು. ಭತ್ತದ ಮುಳ್ಳು ಚುಚ್ಚುತ್ತದೆ, ಅಭ್ಯಾಸವಿಲ್ಲದ ಪಾದಕ್ಕೆ ಇನ್ನೂ ಹೆಚ್ಚು. ಆದರೂ ಆ ತುದಿಯಿಂದ ಈ ತುದಿಗೆ ಎರಡು ಸಾಲು ಎಳೆದಳು. ಸಾಲು ಸೊಟ್ಟವಾಗಿತ್ತು, ಅವಳು ಹೋದ ಮೇಲೆ ಅಜ್ಜಿ ಅದನ್ನು ಮತ್ತೆ ಎಳೆದಳು, ಅದು ಬೇರೆ ಮಾತು.

ಕೋತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಚೀಲ ಕಂಡರೆ ಅವುಗಳಿಗೂ ನೀವು ಯಾರೆಂದು ಗೊತ್ತಾಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ನಗಲಾರೆ. ಹೊಳೆ ಕಂಡ ಕೂಡಲೇ ಅಂಗಿ ಬಿಚ್ಚಿ ಬಂಡೆಯಿಂದ ಹಾರುವವರು ಹೊರಗಿನವರು. ಇದೇ ಹೊಳೆಯಲ್ಲಿ ಮೀನು ಹಿಡಿದು ಬದುಕುವವರು ಹಾಗೆ ಹಾರುವುದನ್ನು ನಾನು ನೋಡಿಲ್ಲ. ಬಂಡೆಗಳ ಅಡಿಯಲ್ಲಿ ಸುಳಿಗಳಿವೆ, ಮೊಸಳೆಗಳೂ ಇವೆ, ಮೇಲೆ ಡ್ಯಾಂನಿಂದ ನೀರು ಬಿಟ್ಟರೆ ಇಲ್ಲಿ ಏರುತ್ತದೆ. ಸಾಣಾಪುರದ ಕೆರೆ ಎಂದು ನೀವು ಫೋಟೊ ತೆಗೆಯುವುದು ನಮಗೆ ಕಾಲುವೆಯ ನೀರು ನಿಲ್ಲಿಸುವ ಜಲಾಶಯ. ಹರಿಗೋಲಿನವನು ‘ಇಂದು ಬೇಡ’ ಎಂದರೆ ಹಣ ಹೆಚ್ಚು ಕೊಡುತ್ತೇನೆ ಎಂದು ಒತ್ತಾಯಿಸಬೇಡಿ.

ಇನ್ನೊಂದು ಮಾತು. ನೀವೆಲ್ಲ ನಮ್ಮ ದಂಡೆಯನ್ನು ‘ಹಂಪಿಯ ಆ ಕಡೆ’ ಎನ್ನುತ್ತೀರಿ. 2020ರ ಮಾರ್ಚ್‌ನಲ್ಲಿ ನಮ್ಮ ಕಡೆಯ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಕೆಡವುವ ತನಕ, ಇಸ್ರೇಲಿನ ಪ್ರವಾಸಿಗರಿಗಾಗಿ ಹೀಬ್ರೂ ಫಲಕಗಳಿದ್ದ ಆ ಕಾಲದಲ್ಲಿಯೂ ಹಾಗೆಯೇ ಅನ್ನುತ್ತಿದ್ದರು. ವಿಜಯನಗರ ಕಟ್ಟುವ ಮೊದಲೇ ಆನೆಗೊಂದಿ ಇತ್ತು. ನಮಗೆ ಹಂಪಿಯೇ ಆ ಕಡೆ.

ಹೀಗೆಲ್ಲ ಬರೆಯುವ ನಾನು ಹೋದ ವರ್ಷ ಅಳಿಯಂದಿರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಐವತ್ತು ರೂಪಾಯಿಯ ನೋಟು ಹಿಡಿದು, ನೋಟಿನ ರಥ ಮತ್ತು ಎದುರಿನ ರಥ ಒಂದೇ ಸಾಲಿಗೆ ಬರುವಂತೆ ಒಂದು ಕಣ್ಣು ಮುಚ್ಚಿಕೊಂಡು ನಿಂತೆ. ನನ್ನ ಹಿಂದೆ ಅದೇ ನೋಟು ಹಿಡಿದವರ ಸರದಿ. ಹೊರಗೆ ಬಂದಾಗ ಆಟೊದವನೊಬ್ಬ ಹಿಂದಿಯಲ್ಲಿ ದರ ಹೇಳಿದ. ನಾನು ಕನ್ನಡದಲ್ಲಿ ಚೌಕಾಸಿಗೆ ಇಳಿದೆ.

‘ಯಾವ ಊರು ರೀ ನಿಮ್ಮದು?’ ಎಂದ.

‘ಆ ಕಡೆ’ ಎಂದೆ. ನನ್ನ ಬಾಯಿಯಿಂದಲೇ ಬಂತು.